ಹರಕೆಯಿಲ್ಲದ ಬೆಟ್ಟ

"ನಮ್ಮನೇಲಿ ಯಾರ್ಗೂ ಜ್ವರ ಇಲ್ಲ!"

ಅಷ್ಟು ಹೇಳಿ ಚಿನ್ನಮ್ಮ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಅಗುಳಿಯನ್ನೂ ಎಳೆದಳು. 

ಹೊರಗೆ ನಿಂತಿದ್ದವನು ಕೋಟು ತೊಟ್ಟಿದ್ದ. ಕೈಯಲ್ಲಿ ಕೊಡೆಯಿತ್ತು. ರುಮಾಲು ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ ಆ ತಲೆಯಲ್ಲಿ ಜುಟ್ಟಿರಲಿಲ್ಲ. ದೊರೆಗಳ ಹಾಗೆ ಕತ್ತರಿಸಿದ ಕ್ರಾಪು! ಹೆಡತಲೆ ಎಂಬ ಆ ಹಳ್ಳಿಗೆ ಕ್ರಾಪು ಬಿಟ್ಟುಕೊಂಡು ಬರುವವರೆಂದರೆ ಪ್ಲೇಗಿನ ಇನ್ಸ್‌ಪೆಕ್ಟರುಗಳು ಮಾತ್ರ. ಬಂದರೆಂದರೆ ಗಡ್ಡೆ ಎದ್ದಿದೆಯೇ ಎಂದು ಮನೆಮಂದಿಯ ಬಗಲು ಮುಟ್ಟಿ ನೋಡುತ್ತಾರೆ, ಹೆಂಚು ತೆಗೆಸುತ್ತಾರೆ, ಕಾಳುಕಡ್ಡಿಯನ್ನೆಲ್ಲ ಬೀದಿಗೆ ಹಾಕಿಸುತ್ತಾರೆ...

"ಜ್ವರ ಇಲ್ಲ ತಾನೇ? ಒಳ್ಳೇದಾಯ್ತು," ಎಂದಿತು ಹೊರಗಿನ ದನಿ. ಅದರಲ್ಲಿ ನಗುವಿತ್ತು. "ಒಂದು ಚೊಂಬು ನೀರಾದ್ರೂ ಇದ್ಯಾ?"

"ಬಾವಿ ಅಲ್ಲೇ ಅದೆ. ಸೇದ್ಕೊಳಿ."

ಅವನು ಸೇದಿಕೊಂಡ. ಕುಡಿದ. ಬಂದು ಜಗಲಿಯ ಮೇಲೆ ಆರಾಮವಾಗಿ ಕೂತ. ಹೊಲದಿಂದ ಮರಳಿದ ಅಪ್ಪ ಜವರಯ್ಯ ಅವನನ್ನು ಕಂಡು, ಹಾಕಿದ ಬಾಗಿಲನ್ನೂ ಕಂಡು, ತಲೆಯ ಮೇಲೆ ಕೈ ಹೊತ್ತುಕೊಂಡ.

"ಏನ್ ಕೆಲ್ಸ ಮಾಡ್ದೆ ಮಗಳೇ... ಅಳಿಯಂದಿರು ಕಣವ್ವ!"

ಅಳಿಯ... ಅಂದರೆ ತನ್ನ ಗಂಡ!

ಮದುವೆಯಾದಾಗ ಅವಳಿಗೆ ಬುದ್ಧಿ ಬಲಿತಿರಲಿಲ್ಲ. ಹಸೆಮಣೆಯ ಮೇಲೆ ಪಕ್ಕದಲ್ಲಿ ತೂಕಡಿಸುತ್ತಿದ್ದ, ಉದ್ದ ಜುಟ್ಟಿನ ಒಬ್ಬ ಹುಡುಗ ನೆನಪಿದ್ದನೇ ಹೊರತು ಈ ಮುಖವಲ್ಲ. ಆಮೇಲೆ ಅವನು ಓದಲೆಂದು ಮೈಸೂರಿಗೆ ಹೋದ. ಪ್ಲೇಗಿನ ವರ್ಷಗಳು ಬಂದವು, ಊರೂರೇ ಹೊರವಲಯದ ಗುಡಿಸಲಿಗೆ ಎದ್ದುಹೋದವು. ಈಗ ನರಸೀಪುರದ ಸ್ಕೂಲಿನಲ್ಲಿ ಮೇಷ್ಟ್ರಾಗಿ, ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ.

ಅವತ್ತು ಅವಳು ಕದದ ಮರೆಯಿಂದಲೇ ಬಡಿಸಿದಳು. ಕಿವಿಯ ತುದಿಯವರೆಗೂ ಸುಡುತ್ತಿತ್ತು.

"ಇನ್ಸ್‌ಪೆಕ್ಟರಿಗೆ ಇನ್ನೊಂದು ಮುದ್ದೆ ಸಿಗುತ್ತಾ?" ಎಂದ ಗಂಡ ರಂಗನಾಯಕ, ತಟ್ಟೆಯಿಂದ ತಲೆಯೆತ್ತದೆ.

ಅವಳು ಗಾಡಿ ಹತ್ತುವ ಹೊತ್ತಿಗೆ ಊರಿಗೆಲ್ಲ ಕತೆ ಗೊತ್ತಾಗಿತ್ತು. "ಇನ್ನು ನಿಂಗೆ ಜ್ವರ ಬಂದ್ರೂ ಚಿಂತೆ ಇಲ್ಲ ಬುಡೇ, ಇನ್ಸ್‌ಪೆಕ್ಟರು ಮನೇಲೇ ಇರ್ತಾರೆ," ಎಂದು ಗೆಳತಿಯರು ಸೆರಗಿನಲ್ಲಿ ನಕ್ಕರು. ಚಿನ್ನಮ್ಮ ದಾರಿಯುದ್ದಕ್ಕೂ ಗಂಡನ ಕಡೆ ತಿರುಗಲಿಲ್ಲ. ಹೇಗೆ ತಿರುಗುವುದು?

ನರಸೀಪುರದ ಮನೆಯಲ್ಲಿ ಅವಳಿಗೆ ಮೊದಲು ವಿಚಿತ್ರವೆನಿಸಿದ್ದು ಮಾವ ಹುಚ್ಚಯ್ಯನ ಮಾತು. ಆತ ಮಗನೊಡನೆ ಮಾತಾಡುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ನಡುಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿದ್ದ ಎತ್ತಿಗೆ ಹೇಳುತ್ತಿದ್ದ.

"ಬಸವ, ಮೇಷ್ಟ್ರಿಗೆ ಏಳು, ಸಾರು ಆರೋಯ್ತದೆ ಅಂತ."

ಎತ್ತು ಮೆಲುಕು ಹಾಕುತ್ತಿತ್ತು. ರಂಗನಾಯಕ ಬಂದು ಕೂರುತ್ತಿದ್ದ. "ಬಸವ, ಸಾರು ಬಿಸಿಯಾಗೇ ಇದೆ ಅಂತ ಹೇಳಪ್ಪ," ಎಂದು ಅವನೂ ಎತ್ತಿಗೇ ಹೇಳುತ್ತಿದ್ದ.

ಮೊದಮೊದಲು ಚಿನ್ನಮ್ಮ ನಗು ತಡೆಯಲು ಸೆರಗು ಕಚ್ಚಿಕೊಂಡಳು. ಒಂದು ಸಂಜೆ ಹುಚ್ಚಯ್ಯ ಎತ್ತಿನ ಕತ್ತು ತುರಿಸುತ್ತ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು.

"ಅಪ್ಪ ಸತ್ರೆ ಮಗ ತಲೆ ತೆಗೆಸ್ತಾನೆ ಕಣೋ ಬಸವ. ನಾನಿನ್ನೂ ಉಣ್ತಾ ತಿಂತಾ ಕುಂತಿವ್ನಿ... ಆಗ್ಲೇ ಜುಟ್ಟು ತೆಗೆಸ್ಬುಟ್ಟವ್ನೆ."

ಅಂದಿನಿಂದ ಅವಳಿಗೆ ನಗು ಬರಲಿಲ್ಲ.

ಹೊಳೆಯ ಮೆಟ್ಟಿಲಲ್ಲಿ ಇನ್ನೊಂದು ಪಾಡು. ಪಕ್ಕದ ಮನೆಯ ವೆಂಕಟಮ್ಮನ ಬಾಯಿಗೆ ಬೀಗವಿರಲಿಲ್ಲ.

"ಸಾಯೇಬ್ರ ಎಂಡ್ತಿ ಬಂದ್ಲು, ದಾರಿ ಬುಡ್ರವ್ವ. ಏನ್ ಚಿನ್ನವ್ವ, ಮನೇಲಿ ಕನ್ನಡಿ ಒಂದೇನಾ? ಬಾಚ್ಕೊಳೋಕೆ ಮೊದ್ಲು ನೀನಾ, ಅವ್ರಾ?"

ಹೆಂಗಸರೆಲ್ಲ ನಗುವರು. ಚಿನ್ನಮ್ಮ ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಒಗೆಯುವಳು. 'ಈ ಒಂದು ತಲೆಯಿಂದ ನನಗೆ ತಲೆಯೆತ್ತುವ ಹಾಗಿಲ್ಲವಲ್ಲ' ಎಂದು ಒಳಗೊಳಗೇ ಅವನ ಮೇಲೆ ಮುನಿಯುವಳು.

ಆದರೂ... ಸಂಜೆ ದೀಪದ ಮುಂದೆ ಅವನು ಪುಸ್ತಕ ಹಿಡಿದು ಕೂತಾಗ ಮುಂಗೂದಲ ಒಂದು ಎಳೆ ಹಣೆಯ ಮೇಲೆ ಜಾರುತ್ತಿತ್ತು. ಅದನ್ನು ಬೆರಳಿಂದ ಹಿಂದಕ್ಕೆ ತಳ್ಳಬೇಕು ಅನ್ನಿಸುತ್ತಿತ್ತು ಅವಳಿಗೆ. ಹಾಗನ್ನಿಸಿದ್ದಕ್ಕೂ ನಾಚಿಕೆಯಾಗುತ್ತಿತ್ತು.

ಅಂಥದೊಂದು ಸಂಜೆ ರಂಗನಾಯಕ ಪುಸ್ತಕ ಮುಚ್ಚಿ ಅಡುಗೆಮನೆಯ ಹೊಸಿಲಿಗೆ ಬಂದು ನಿಂತ.

"ಚಿನ್ನಮ್ಮ."

ಅವನು ಹೆಸರು ಹಿಡಿದೇ ಕರೆಯುತ್ತಿದ್ದ. ಪ್ರತಿ ಸಲವೂ ಅವಳು ಬೆಚ್ಚುತ್ತಿದ್ದಳು.

"ಬರೋ ಭಾನುವಾರ ಮುಡುಕುತೊರೆ ಬೆಟ್ಟಕ್ಕೆ ಹೋಗೋಣ. ನಾವಿಬ್ಬರೇ."

"ಯಾಕೆ?"

"ನೋಡೋಕೆ."

"ಏನ್ನ?"

"ಕಾವೇರಿ ಅಲ್ಲಿ ಬೆಟ್ಟಕ್ಕೆ ಬಂದು ತಿರುಗಿಕೊಳ್ತಾಳೆ. ಮೇಲೆ ನಿಂತರೆ ಇಡೀ ತಿರುವು ಕಾಣುತ್ತೆ. ತಲಕಾಡಿನ ಮರಳೂ ಕಾಣುತ್ತೆ."

"ಅಷ್ಟೇನಾ?"

"ಅಷ್ಟೇ."

ಅವಳಿಗೆ ಅರ್ಥವಾಗಲಿಲ್ಲ. ಬೆಟ್ಟ ಹತ್ತುವವರು ಹರಕೆ ಹೊತ್ತವರು, ಕಾಯಿಲೆ ವಾಸಿಯಾದವರು, ಮಕ್ಕಳಿಲ್ಲದವರು. ಸುಮ್ಮಸುಮ್ಮನೆ ಯಾರು ಹತ್ತುತ್ತಾರೆ?

ರಂಗನಾಯಕ ಒಲೆಯಿಂದ ಒಂದು ಇದ್ದಿಲು ಎತ್ತಿಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. "ಇದು ನಮ್ಮನೆ. ಬೆಳಕು ಹರಿಯೋ ಮುಂಚೆ ಹರಿಗೋಲಲ್ಲಿ ದಾಟ್ತೀವಿ. ಆ ದಡದಲ್ಲಿ ನನ್ನ ಸ್ನೇಹಿತನ ಗಾಡಿ ಇರುತ್ತೆ. ಬಿಸಿಲೇರೋ ಹೊತ್ತಿಗೆ ಬೆಟ್ಟದ ಬುಡ. ನೀನು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೋ. ಮೊಸರು ಬೇಡ, ಹುಳಿಯಾಗುತ್ತೆ. ಕಲ್ಲು ಸುಡುತ್ತೆ, ನಿನಗೊಂದು ಜೊತೆ ಮೆಟ್ಟು ತರ್ತೀನಿ."

"ಅಯ್ಯೋ... ಮಾವನ ಮುಂದೆ ಮೆಟ್ಟು ಮೆಟ್ಕೊಂಡು ಓಡಾಡ್ಲಾ?"

"ಬಟ್ಟೆ ಗಂಟಲ್ಲಿ ಇಟ್ಟುಕೋ. ಗುಡಿಯ ಹಿಂದೆ ಬಂಡೆ ಇದೆ, ಅಲ್ಲಿ ಯಾರೂ ಇರಲ್ಲ. ಅಲ್ಲಿ ಹಾಕಿಕೋ." ಅವನು ಇದ್ದಿಲಿನಿಂದ ಒಂದು ದೊಡ್ಡ ಬಾಗು ಎಳೆದ. "ಇದು ಹೊಳೆ. ಇದನ್ನ ನಿನಗೆ ತೋರಿಸ್ಬೇಕು."

ತೋರಿಸಬೇಕು... ಹುಟ್ಟಿದಾಗಿನಿಂದ ಅವಳಿಗೆ ಮಾಡು, ತಾ, ಬಡಿಸು ಎಂದವರಿದ್ದರು. ನೋಡು ಎಂದವರಿರಲಿಲ್ಲ.

"ಅಳಿಸಿ, ಅತ್ತೆ ನೋಡ್ತಾರೆ," ಎಂದಳು. ಅವನು ಹೋದ ಮೇಲೆ ತಾನೇ ಒದ್ದೆ ಬಟ್ಟೆ ತಂದು ಮನೆ, ದಾರಿ, ಗಾಡಿ ಎಲ್ಲ ಒರೆಸಿದಳು. ಹೊಳೆಯ ಬಾಗನ್ನು ಮಾತ್ರ ಒರೆಸದೆ ಅದರ ಮೇಲೆ ರಾಗಿಯ ಪುಟ್ಟಿ ಇಟ್ಟಳು.

ಮೂರು ದಿನ ಆ ಸಂತೋಷ ಯಾರಿಗೂ ಗೊತ್ತಾಗದ ಹಾಗೆ ಅವಳೊಳಗೆ ಇತ್ತು. ನಾಲ್ಕನೆಯ ದಿನ ವೆಂಕಟಮ್ಮ ಹೊಳೆಯಲ್ಲಿ ಕೇಳಿದಳು.

"ಉಚ್ಚೆಳ್ಳು ಉರಿಯೋ ವಾಸ್ನೆ ನಮ್ಮನೆಗಂಟ ಬಂತು. ಯಾರವ್ವ ಪ್ರಯಾಣ?"

"ಮುಡುಕುತೊರೆಗೆ, ಅಕ್ಕ."

"ಯಾರ್ಯಾರು?"

"ಅವ್ರು... ನಾನು."

ಒಗೆಯುತ್ತಿದ್ದ ಸದ್ದು ನಿಂತಿತು. ಎಲ್ಲ ಮುಖಗಳೂ ಇತ್ತ ತಿರುಗಿದವು.

"ಬರೀ ಗಂಡ ಎಂಡ್ತಿ? ಯಾವ ಅರಕೆ ಕಣೆ?"

ಸುಮ್ಮನೆ ನೋಡಲು ಅನ್ನಬೇಕಿತ್ತು. ಎರಡೇ ಮಾತು. ಆದರೆ ಆ ಮುಖಗಳ ಮುಂದೆ ಅದು ಬಟ್ಟೆಯಿಲ್ಲದ ಮಾತಿನಂತೆ ಕಂಡಿತು. ಹಗಲು ಹೊತ್ತಿನಲ್ಲಿ, ದೊಡ್ಡವರನ್ನು ಮನೆಯಲ್ಲಿ ಬಿಟ್ಟು, ಗಂಡನ ಹಿಂದೆ, ಸುಮ್ಮನೆ! ನಾಲಗೆ ತಾನಾಗಿ ಹೊರಳಿತು.

"ಅವ್ರು ಮುಡಿ ಕೊಡ್ತಾರೆ, ಅಕ್ಕ. ಮಲ್ಲಿಕಾರ್ಜುನನಿಗೆ. ಆಮೇಲೆ... ಜುಟ್ಟು ಬುಡ್ತಾರಂತೆ."

ಹೇಳುವಾಗ ಹಾಯೆನಿಸಿದ್ದಂತೂ ನಿಜ. ವೆಂಕಟಮ್ಮ ಮೊದಲ ಬಾರಿಗೆ ಅವಳನ್ನು ನೋಡಿ ನಗದೆ, "ಮಲ್ಲಪ್ಪ ಒಳ್ಳೇದು ಮಾಡ್ಲಿ," ಎಂದಳು.

ಕೊಡ ಹೊತ್ತು ಚಿನ್ನಮ್ಮ ಮನೆ ಸೇರುವ ಮುಂಚೆಯೇ ಮಾತು ಮನೆ ಸೇರಿತ್ತು. ಅತ್ತೆ ರಾಮಮ್ಮ ಅವಳನ್ನು ಒಳಗೆಳೆದುಕೊಂಡು ದೃಷ್ಟಿ ತೆಗೆದಳು. "ಅವ್ನ ಮುಂದೆ ಯಾರೂ ಈ ಮಾತು ಎತ್ತಬ್ಯಾಡಿ. ಮನಸ್ಸು ಎಲ್ಲಾರಾ ತಿರುಗ್ಬುಟ್ಟಾತು," ಎಂದು ಪಿಸುಗುಟ್ಟಿದಳು.

ಸ್ಕೂಲಿನಿಂದ ಬಂದ ರಂಗನಾಯಕ ಕಾಲು ತೊಳೆಯುತ್ತಿದ್ದ. ಜಗಲಿಯಿಂದ ಹುಚ್ಚಯ್ಯನ ದನಿ ಕೇಳಿಸಿತು.

"ರಂಗ."

ಎತ್ತಿಗಲ್ಲ. ಮಗನಿಗೆ.

"ಅರಿಗೋಲು ಗಿರಿಗೋಲು ಬ್ಯಾಡ. ಹೊಳೆ ಮೊಣಕಾಲುದ್ದ ಅದೆ, ನಮ್ ಗಾಡೀನೇ ದಾಟ್ತದೆ. ನಾವೂ ಬತ್ತೀವಿ. ಚೆಲುವಯ್ಯನ್ನೂ ಕರ್ಕೊಳ್ಳವ."

ಚೆಲುವಯ್ಯ ಊರಿನ ಕ್ಷೌರದವನು. ರಂಗನಾಯಕನಿಗೆ ಅದೊಂದೂ ಹೊಳೆಯಲಿಲ್ಲ. "ಚೆಲುವಯ್ಯನಾ? ಬರಲಿ, ಅವನೂ ನೋಡಲಿ!" ಎಂದ. ಒಳಗೆ ಓಡಿಬಂದವನು ಕಣ್ಣು ತುಂಬಿಕೊಂಡು ನಿಂತ.

"ಕೇಳಿಸ್ತಾ? ಅಪ್ಪಯ್ಯ ನನ್ನ ಹೆಸರು ಹಿಡಿದು ಕರೆದರು. ಇಬ್ಬರೇ ಹೋಗೋದು ತಪ್ಪಿತು, ಬೇಜಾರು ಮಾಡ್ಕೋಬೇಡ... ನೀನೇ ಏನೋ ಹೇಳಿರ್ಬೇಕು ಅವರಿಗೆ. ಇಷ್ಟು ದಿನ ಆಗದ್ದನ್ನ ನೀನು ಮಾಡಿದೆ ಚಿನ್ನಮ್ಮ."

"ನಾನು..." ಎಂದಳು ಚಿನ್ನಮ್ಮ.

"ಹೇಳು."

"ನಾನು... ಏನೂ ಮಾಡ್ಲಿಲ್ಲ."

ಅದೂ ಸುಳ್ಳು. ಅವನು ಅದನ್ನು ವಿನಯವೆಂದುಕೊಂಡು ನಕ್ಕ. ಅವಳು ರಾಗಿ ಪುಟ್ಟಿಯ ಕಡೆ ನೋಡಲಾರದೆ ಮುಖ ತಿರುಗಿಸಿದಳು. ಶನಿವಾರ ಮತ್ತೊಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಂದಿದ್ದ ಮೆಟ್ಟನ್ನು ಅವಳ ಮಡಿಲಿಗೆ ಹಾಕಿ, "ಅಳತೆಗೆ ನಿನ್ನ ಒದ್ದೆ ಹೆಜ್ಜೆ ನೋಡಿಕೊಂಡಿದ್ದೆ," ಎಂದ. ಅವಳು ಮೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಭಾನುವಾರ ಕೋಳಿ ಕೂಗುವ ಮುಂಚೆ ಗಾಡಿ ಹೊಳೆಗಿಳಿಯಿತು. ನೀರು ಗಾಲಿಯ ನಡುವಿನ ಗುಂಬದವರೆಗೆ ಬಂದು ತಣ್ಣಗೆ ಹೊರಳುತ್ತಿತ್ತು. ರಂಗನಾಯಕ ದಾರಿಯುದ್ದಕ್ಕೂ ಮಾತಾಡಿದ. ಬತ್ತದ ಬಯಲು ತೋರಿಸಿದ, ಕಬ್ಬಿನ ಗದ್ದೆಯಿಂದೆದ್ದ ಕೊಕ್ಕರೆಗಳನ್ನು ತೋರಿಸಿದ. ಹುಚ್ಚಯ್ಯ ಎತ್ತಿನ ಬಾಲ ಮುಟ್ಟುತ್ತ ಎಲ್ಲಕ್ಕೂ "ಊ, ಊ," ಎಂದು ಮಗನಿಗೇ ಉತ್ತರ ಕೊಟ್ಟ. ಆ ಒಂದೊಂದು ಊಗುಟ್ಟುವಿಕೆಯೂ ಚಿನ್ನಮ್ಮನಿಗೆ ಚುಚ್ಚುತ್ತಿತ್ತು. ಮಡಿಲಲ್ಲಿ ಬಟ್ಟೆಯ ಗಂಟು, ಗಂಟಿನೊಳಗೆ ಯಾರಿಗೂ ಕಾಣದ ಮೆಟ್ಟು.

'ಈಗ ಹೇಳಲೇ? ಬುಡದಲ್ಲಿ ಹೇಳಲೇ? ಮೆಟ್ಟಿಲ ಮೇಲೆ?'

ಎಲ್ಲೂ ಹೇಳಲಿಲ್ಲ. ಮೆಟ್ಟಿಲು ಮುಗಿದವು. ದೇವರ ದರ್ಶನವಾಯಿತು. ಗುಡಿಯ ಪಕ್ಕದ ಮಂಟಪದ ನೆರಳಿನಲ್ಲಿ ಚೆಲುವಯ್ಯ ಚೀಲ ಬಿಚ್ಚಿದ. ಬಟ್ಟಲಿಗೆ ನೀರು ಹಾಕಿಕೊಂಡು, ಕತ್ತಿಯನ್ನು ಅಂಗೈಗೆ ಉಜ್ಜತೊಡಗಿದ.

"ಕುಂತ್ಕೊ ಮಗ," ಎಂದ ಹುಚ್ಚಯ್ಯ.

ರಂಗನಾಯಕ ನಕ್ಕ. "ಯಾರಿಗೆ ಅಪ್ಪಯ್ಯ, ಇದೆಲ್ಲ?"

"ಇನ್ಯಾರ್ಗೆ? ಮುಡಿ ಕೊಟ್ಟು ಜುಟ್ಟು ಬುಡ್ತೀನಿ ಅಂತ ಎಂಡ್ತಿ ತಾವ ಏಳಿದ್ದಂತಲ್ಲ. ನಾನೇನ್ ಬಲವಂತ ಮಾಡ್ಲಿಲ್ಲ ಕಣಪ್ಪ. ನೀನಾಗಿ ನೀನೇ..." ಮುದುಕ ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡ.

ರಂಗನಾಯಕ ನಿಧಾನವಾಗಿ ತಿರುಗಿ ಕಂಬದ ಮರೆಯಲ್ಲಿದ್ದ ಹೆಂಡತಿಯನ್ನು ನೋಡಿದ.

'ನಾನು ಹೇಳಿಲ್ಲ' ಎಂದುಬಿಟ್ಟರೆ ಸಾಕಿತ್ತು. ಆಗ ಅವಳು ಎಲ್ಲರೆದುರು ಸುಳ್ಳಿಯಾಗುತ್ತಿದ್ದಳು. ಅವನು ಹಾಗೆನ್ನಲಿಲ್ಲ. ಕೋಟು ಬಿಚ್ಚಿ ಮಡಿಸಿದ. ಅದನ್ನು ಕಂಬದ ಬುಡದಲ್ಲಿಡಲು ಬಗ್ಗಿದಾಗ, ಅವಳೊಬ್ಬಳಿಗೇ ಕೇಳುವಂತೆ ಹೇಳಿದ.

"ನಿನಗೂ ನನ್ನ ಕಂಡರೆ ನಾಚಿಕೆನಾ, ಚಿನ್ನಮ್ಮ? ಗೊತ್ತಿರಲಿಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತನ್ನ ಕೊರಳಿನ ನಾಚಿಕೆಯನ್ನು ಬಿಚ್ಚಿ ಅವನ ಕೊರಳಿಗೆ ಹಾಕಿದ್ದಳು ಅವಳು. ಅವನು ಅದನ್ನು ಹಾಕಿಕೊಂಡೇ ಕಲ್ಲಿನ ಮೇಲೆ ಹೋಗಿ ಕೂತ, ತಲೆ ಬಗ್ಗಿಸಿದ.

ಚೆಲುವಯ್ಯ ನೀರು ಚಿಮುಕಿಸಿದ. ಮುಂಗೂದಲ ಆ ಎಳೆ, ಅವಳು ಎಷ್ಟೋ ಸಂಜೆ ಬೆರಳಿನಲ್ಲಿ ತಳ್ಳಬೇಕೆಂದುಕೊಂಡಿದ್ದ ಅದೇ ಎಳೆ, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತು. ಕತ್ತಿ ಮೇಲೆದ್ದಿತು.

"ಮಾವ."

ಎಲ್ಲರೂ ತಿರುಗಿದರು. ಸೊಸೆ ಮಾವನಿಗೆ ಎದುರು ನಿಂತು ಮಾತಾಡಿದ್ದು ಆ ಮನೆಯಲ್ಲಿ ಇದೇ ಮೊದಲು. ಸೆರಗು ತಲೆಯಿಂದ ಜಾರಿದ್ದು ಅವಳಿಗೆ ತಿಳಿಯಲಿಲ್ಲ.

"ಅವ್ರು ಏನೂ ಏಳಿಲ್ಲ ಮಾವ. ಅರಕೆ ಇಲ್ಲ. ನಾನೇ ಸುಳ್ಳು ಏಳ್ದೆ."

"ಏನಂದೆ?"

"ಬೆಟ್ಟ ನೋಡೋಕ್ ಓಗವಾ ಅಂದ್ರು. ಬರೀ ನೋಡೋಕೆ. ಹೊಳೇಲಿ ಕೇಳ್ದಾಗ ಅಂಗನ್ನೋಕೆ ನಂಗೆ ನಾಚ್ಕೆ ಆಯ್ತು. ಅವ್ರ ಕ್ರಾಪಿಗೂ ನಾಚ್ಕೊಂಡೆ. ನೀವು ಅವ್ರನ್ನ ಎಸ್ರು ಹಿಡಿದು ಕರೆದ್ ಮೇಲೆ ನಿಜ ಏಳೋಕೂ ನಾಚ್ಕೆ ಆಯ್ತು..." ಅವಳು ಕೈ ಮುಗಿದಳು. "ಬೇಕಾದ್ರೆ ನನ್ನ ತವರಿಗೆ ಬುಟ್ಬುಡಿ. ಅವ್ರ ತಲೆ ಮುಟ್ಬೇಡಿ."

ಎತ್ತಿದ ಕತ್ತಿಯನ್ನು ಚೆಲುವಯ್ಯ ಹಿಂದಕ್ಕೆಳೆದುಕೊಂಡ.

ಮೊದಲು ರಾಮಮ್ಮನಿಗೆ ಮಾತು ಬಂತು. "ದೇವ್ರ ಎಸ್ರು ಎತ್ತಿ ಏಳಿದ್ದೀಯಲ್ಲೇ. ಬರೀ ಕೈಲಿ ಎಂಗೆ ಇಳಿಯೋದು?"

ಚಿನ್ನಮ್ಮ ಜಡೆಯನ್ನು ಮುಂದಕ್ಕೆಳೆದುಕೊಂಡಳು. "ಏಳ್ದೋಳು ನಾನು, ಅತ್ತೆ. ನಂದೇ ಕೊಡ್ತೀನಿ."

"ಬಿಡ್ತು ಅನ್ನೇ, ಮುತ್ತೈದೆ ನೀನು!"

"ತುದಿ ಮುಡಿ ಕೊಡ್ಬೋದು ಕಣವ್ವ," ಎಂದ ಚೆಲುವಯ್ಯ, ಕತ್ತಿ ಕೆಳಗಿಟ್ಟು. "ಮುತ್ತೈದೇರೂ ಕೊಡ್ತಾರೆ. ನಾನು ಮುಟ್ಟಕಿಲ್ಲ. ತಗಳ್ಳಿ ಮೇಷ್ಟ್ರೇ, ನೀವೇ ಕತ್ತರ್ಸಿ."

ರಂಗನಾಯಕ ಕತ್ತರಿ ತೆಗೆದುಕೊಂಡ. ಅವಳ ಬೆನ್ನ ಹಿಂದೆ ನಿಂತು ಜಡೆಯ ತುದಿ ಹಿಡಿದ. ಅವನ ಒದ್ದೆ ಕೂದಲಿಂದ ಒಂದು ಹನಿ ಅವಳ ಕತ್ತಿನ ಮೇಲೆ ಬಿತ್ತು. ಬೆರಳಗಲದ ಕೂದಲು ವೀಳ್ಯದೆಲೆಯ ಮೇಲೆ ಉದುರಿತು.

ಅವನು ಅಪ್ಪನ ಕಡೆ ತಿರುಗಿದ.

"ಅಪ್ಪಯ್ಯ, ಮೈಸೂರಲ್ಲಿ ಜುಟ್ಟು ಕತ್ತರಿಸಿದ ದಿನ ನಿಮ್ಮ ಮೇಲಿನ ಕೋಪಕ್ಕೆ ಕತ್ತರಿಸಲಿಲ್ಲ. ನಿಮ್ಮ ನೆನಪೇ ಬರಲಿಲ್ಲ ನನಗೆ. ತಪ್ಪು ಅಂದ್ರೆ ಅದೇ."

ಹುಚ್ಚಯ್ಯ ಹೆಗಲ ವಸ್ತ್ರ ಕೊಡವಿ ಮೆಟ್ಟಿಲಿಳಿದು ಹೊರಟುಹೋದ. ಚೆಲುವಯ್ಯನೂ ಚೀಲ ಕಟ್ಟಿದ. ರಾಮಮ್ಮ ಇಬ್ಬರನ್ನೂ ನೋಡಿ, ಬುತ್ತಿಯಿಂದ ಎರಡು ರೊಟ್ಟಿ ಮಗನ ಕೈಗಿಟ್ಟು ಗಂಡನ ಹಿಂದೆ ಇಳಿದಳು.

'ಮತ್ತೆ ಮುರಿಯಿತು, ನನ್ನಿಂದಲೇ...' ಚಿನ್ನಮ್ಮ ಕಂಬಕ್ಕೆ ಹಣೆಯೊತ್ತಿಕೊಂಡಳು.

ಆಗ ಬೆಟ್ಟದ ಬುಡದಿಂದ ದನಿಯೊಂದು ಮೇಲೇರಿ ಬಂತು. ಎತ್ತಿಗೆ ಹೇಳುವ ಮಾತಿಗೆ ಅಷ್ಟು ಗಟ್ಟಿ ದನಿ ಬೇಕಿರಲಿಲ್ಲ.

"ಬಸವ! ಆ ಮೇಷ್ಟ್ರಿಗೂ ಮೇಷ್ಟ್ರ ಎಂಡ್ತಿಗೂ ಏಳು. ನೋಡಕ್ ಬಂದೋರು ನೋಡ್ಕೊಂಡೇ ಬರ್ಲಿ. ಬಿಸ್ಲು ತಗ್ಗೋಗಂಟ ನಾನು ಗಾಡಿ ಕಟ್ಟಕಿಲ್ಲ!"

ರಂಗನಾಯಕ ಮೊದಲು ನಕ್ಕನೋ ಅತ್ತನೋ ಅವಳಿಗೆ ತಿಳಿಯಲಿಲ್ಲ.

"ಬಸವನ ಮಾತು ಮೀರೋ ಹಾಗಿಲ್ಲ," ಎಂದ. "ಬಾ."

ಗುಡಿಯ ಹಿಂದಿನ ಬಂಡೆ ಕಾದಿತ್ತು. ಅವಳು ಗಂಟು ಬಿಚ್ಚಿ ಮೆಟ್ಟು ತೆಗೆದಳು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಮೆಟ್ಟಿಕೊಂಡಳು. ಅಳತೆ ಸರಿಯಾಗಿತ್ತು.

ಕೆಳಗೆ ಕಾವೇರಿ. ಅಡುಗೆಮನೆಯ ನೆಲದ ಮೇಲೆ, ರಾಗಿ ಪುಟ್ಟಿಯ ಕೆಳಗೆ ಅವಳು ಬಚ್ಚಿಟ್ಟುಕೊಂಡಿದ್ದ ಅದೇ ಬಾಗು, ಈಗ ಬಿಸಿಲಲ್ಲಿ ಹೊಳೆಯುತ್ತ ಬೆಟ್ಟವನ್ನು ಬಳಸಿ ಹೋಗುತ್ತಿತ್ತು. ಅದರಾಚೆ ತಲಕಾಡಿನ ಮರಳು. ಅವಳು ಅತ್ತಲೇ ನೋಡುತ್ತ ಕೇಳಿದಳು.

"ನನ್ ಮೇಲೆ ಸಿಟ್ಟಿಲ್ವಾ?"

"ಇತ್ತು. ಕತ್ತಿ ನೋಡಿದ ಮೇಲೆ ಹೆದರಿಕೆಯಲ್ಲಿ ಮರೆತುಹೋಯ್ತು."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ನಾಚ್ಕೆ... ನಿಮ್ಮನ್ನ ಕಂಡಲ್ಲ. ನಿಮ್ಮ ತಲೆ ನೋಡ್ಬೇಕು ಅನ್ಸ್ತಿತ್ತಲ್ಲ, ಅದಕ್ಕೆ."

ಅವನು ತಿರುಗಿ ನೋಡಿದ. ಒಣಗಿದ ಮುಂಗೂದಲ ಎಳೆ ಗಾಳಿಗೆ ಮತ್ತೆ ಹಣೆಯ ಮೇಲೆ ಬಿದ್ದಿತ್ತು. ಚಿನ್ನಮ್ಮ ಕೈ ಚಾಚಿದಳು. ಒಂದು ಬೆರಳಿನಿಂದ ಅದನ್ನು ಹಿಂದಕ್ಕೆ ತಳ್ಳಿದಳು. ಅದು ನಿಲ್ಲಲಿಲ್ಲ, ಮತ್ತೆ ಬಿತ್ತು. ಅವಳು ಮತ್ತೆ ತಳ್ಳಿದಳು.

"ನಾಳೆ ಹೊಳೇಲಿ ವೆಂಕಟಮ್ಮ ಕೇಳ್ತಾಳೆ, ಏನಂತೀಯ?"

"ನೋಡೋಕ್ ಓಗಿದ್ವಿ ಅಂತೀನಿ."

"ಏನ್ನ ಅಂದ್ರೆ?"

ಅವಳು ಕೈ ತೆಗೆಯಲಿಲ್ಲ. ಅವನ ಮುಖದಿಂದ ಕಣ್ಣನ್ನೂ ತೆಗೆಯಲಿಲ್ಲ.

"ಕಾವೇರೀನ... ಅಂತೀನಿ."